ಸೇತುವೆಯ ಮುದುಕ ಏನಂದ? ಒಸಾಕಾಕ್ಕೆ ಹೋಗಿ ವಿಚಾರಿಸಿದ್ದು

ಭಾನುವಾರದ ಬೀದಿ, ಮೊದಲ ಸಲ

ಇಲ್ಲ, ಮಳೆ ಬರುತ್ತಿರಲಿಲ್ಲ. ಮಳೆ ಬರುತ್ತಿದ್ದದ್ದು ವಿಡಿಯೋ ಗೇಮಿನಲ್ಲಿ. ಒಸಾಕಾದ ಆ ಬೀದಿಯನ್ನು ನೆನೆಸಿಕೊಂಡಾಗಲೆಲ್ಲ ಒದ್ದೆ ರಸ್ತೆ, ಅದರೊಳಗೆ ತಲೆಕೆಳಗಾಗಿ ನಿಂತ ಕೆಂಪು ಹಸಿರು ದೀಪಗಳು ಕಣ್ಣಿಗೆ ಬರುತ್ತವೆ. ಆದರೆ ನಾನು ಹೋದ ದಿನ ಬಿಸಿಲು ಚುರುಗುಟ್ಟುತ್ತಿತ್ತು, ಜೊತೆಗೆ ಬಂದಿದ್ದ ನರಸಿಂಹಣ್ಣ ತಲೆಗೆ ಕರ್ಚೀಫು ಕಟ್ಟಿಕೊಂಡಿದ್ದರು. ಅದಕ್ಕೆ ಫೋಟೋ ಇದೆ. ಫೋಟೋದಲ್ಲಿ ನರಸಿಂಹಣ್ಣ ಇದ್ದಾರೆ, ಕರ್ಚೀಫು ಇದೆ, ಹಿಂದೆ ಒಂದು ಗೋಡೆ ಇದೆ. ಆ ಗೋಡೆ ಒಸಾಕಾದ್ದು ಅಂತ ನಾನು ಹೇಳುತ್ತೇನೆ, ನೀವು ನಂಬುತ್ತೀರಿ. ನಮ್ಮ ನಾಯಂಡಹಳ್ಳಿಯಲ್ಲೂ ಅಂಥ ಗೋಡೆಗೇನು ಬರವಿಲ್ಲ.

ಪರದೇಶಕ್ಕೆ ಹೋಗಿ ಬಂದು ಬರೆಯುವವರಿಗೆ ಎಲ್ಲವೂ ಸ್ಪಷ್ಟವಾಗಿ ನೆನಪಿರುತ್ತದೆ. ಚಹಾದ ಬಣ್ಣ, ಕಿಟಕಿಯಾಚೆ ಕೂತ ಹಕ್ಕಿ, ಅದು ಯಾವ ಕಡೆ ತಿರುಗಿತ್ತು ಎಂಬುದು ಕೂಡ. ಅವರ ಮೇಲೆ ನನಗೆ ಅಸೂಯೆಯಿದೆ, ನಂಬಿಕೆಯಿಲ್ಲ. ನನ್ನ ನೆನಪಿನ ಜಪಾನಿನಲ್ಲಿ ಅರ್ಧ ಕಣ್ಣಾರೆ ನೋಡಿದ್ದು. ಉಳಿದರ್ಧ ವಿಜಯನಗರದ ಒಂದು ಬೇಸ್‌ಮೆಂಟಿನಲ್ಲಿ ಟೀವಿಯ ಮುಂದೆ ಕೂತು ಆಡಿದ್ದು. ಯಾವ ಅರ್ಧ ಎಲ್ಲಿ ಮುಗಿಯುತ್ತದೆ ಅಂತ ಕೇಳಬೇಡಿ.

ವಿಜಯನಗರ, ಹೊರಡುವ ಮುಂಚೆ

ಎರಡು ಸಾವಿರದ ಆಸುಪಾಸಿನ ಆ ವರ್ಷಗಳಲ್ಲಿ ನಮ್ಮ ಕಡೆ ವಿಡಿಯೋ ಗೇಮ್ ಪಾರ್ಲರ್ ಅಂದರೆ ಲೋಕಣ್ಣನದು. ಮೇಲೆ ಕರ್ಟನ್ ಬಟ್ಟೆಯ ಅಂಗಡಿ, ಕೆಳಗೆ ನಾವು. ಅಲ್ಲಿಗೆ ಒಂದು ಜಪಾನಿ ಆಟ ಬಂತು. ಅಸಲಿ ಡಿಸ್ಕ್ ಅಲ್ಲ, ಯಾರೋ ಯಾರಿಂದಲೋ ಕಾಪಿ ಹೊಡೆಸಿದ್ದು. ರೌಡಿಗಳ ಆಟ. ಭಾಗದ ಮೇಲೆ ಭಾಗ ಬರುತ್ತಲೇ ಇತ್ತು, ಜಪಾನಿನವರಿಗೆ ಅದನ್ನು ನಿಲ್ಲಿಸುವ ಮನಸ್ಸೇ ಇದ್ದಂತಿರಲಿಲ್ಲ. ಹೆಸರು ಅವರ ಲಿಪಿಯಲ್ಲಿತ್ತು, ನಮಗೆ ಓದಲು ಬರುತ್ತಿರಲಿಲ್ಲ. ಅದರ ನಾಯಕ ಬೇಸಿಗೆಯಲ್ಲೂ ಉದ್ದ ಕೋಟು ಬಿಚ್ಚುತ್ತಿರಲಿಲ್ಲ, ಆದ್ದರಿಂದ ಆಟಕ್ಕೆ 'ಕೋಟು' ಅಂತ ನಾವೇ ನಾಮಕರಣ ಮಾಡಿದೆವು. ಕೋಟು ಒಂದು, ಕೋಟು ಎರಡು.

ಹೊಡೆದಾಟಕ್ಕೆ ಭಾಷೆ ಬೇಕಿಲ್ಲ. ಆದರೆ ಆ ಆಟದಲ್ಲಿ ರೌಡಿಗಳು ಹೊಡೆಯುವುದಕ್ಕಿಂತ ಹೆಚ್ಚು ಮಾತಾಡುತ್ತಾರೆ. ನಿಂತು, ಒಬ್ಬರನ್ನೊಬ್ಬರು ದಿಟ್ಟಿಸಿ, ಕಣ್ಣಲ್ಲಿ ನೀರು ತಂದುಕೊಂಡು ಮಾತಾಡುತ್ತಾರೆ. ಕೆಳಗೆ ಕಡ್ಡಿ ಜೋಡಿಸಿದಂಥ ಅಕ್ಷರಗಳು ಬಂದು ಹೋಗುತ್ತವೆ. ಅರ್ಥವಾಗದೆ ಹುಡುಗರು ಗಲಾಟೆ ಮಾಡಲು ಶುರುಮಾಡಿದಾಗ ಮಂಜ ಬಾಯಿ ಹಾಕಿದ.

ಮಂಜ ನನ್ನ ವಯಸ್ಸಿನವನೇ, ಮೂವತ್ತು ದಾಟಿದವನು. ಪ್ರಚಾರದ ಆಟೋದಲ್ಲಿ ಮೈಕು ಹಿಡಿದು 'ಬನ್ನಿ ಅಕ್ಕ, ಬನ್ನಿ ಅಮ್ಮ, ಸೀರೆ ಮಾರಾಟ, ಇವತ್ತೇ ಕೊನೆ' ಅಂತ ಬಸವೇಶ್ವರನಗರದಿಂದ ಬಾಪೂಜಿ ನಗರದವರೆಗೆ ಕೂಗಿಕೊಂಡು ಓಡಾಡುತ್ತಿದ್ದವನು. ಆ ಮಾರಾಟಕ್ಕೆ ಕೊನೆಯ ದಿನ ಎಂದೂ ಬರಲಿಲ್ಲ, ಬಂದದ್ದು ಮಂಜನಿಗೆ. ಒಂದು ಸಲ ರೆಕಾರ್ಡ್ ಮಾಡಿ ದಿನವಿಡೀ ತಿರುಗಿಸಬಹುದು ಎಂಬುದು ಆಟೋದವರಿಗೆ ಹೊಳೆಯಿತು. ಅವನದೇ ಧ್ವನಿ ಅವನ ಮನೆಯ ಮುಂದೆಯೇ ಅವನಿಲ್ಲದೆ ಹಾದುಹೋಗತೊಡಗಿತು. ಆಮೇಲೆ ಅವನ ಗಂಟಲಿಗೆ ಊರಲ್ಲಿ ಉಳಿದದ್ದು ಲೋಕಣ್ಣನ ಟೀವಿಯ ಪಕ್ಕದ ಒಂದು ಪ್ಲಾಸ್ಟಿಕ್ ಕುರ್ಚಿ.

ಅದರಲ್ಲಿ ಕೂತು ಅವನು ಇಡೀ ಆಟವನ್ನು ಕನ್ನಡದಲ್ಲಿ ಹೇಳುತ್ತಿದ್ದ. ಲೋಕಣ್ಣ ಟೀವಿಯ ಸೌಂಡು ಕಮ್ಮಿ ಮಾಡುತ್ತಿದ್ದ, ಮಂಜ ಎಲ್ಲರ ಮಾತನ್ನೂ ಆಡುತ್ತಿದ್ದ. ಕೋಟಿನವನು ರುದ್ರಣ್ಣ ಆದ. ಅವನನ್ನು ಬೆಳೆಸಿದ ಮುದುಕ ಗೌಡ್ರಾದರು, ಗೌಡ್ರು ರುದ್ರಣ್ಣನ ಹೆತ್ತ ಅಪ್ಪ ಎಂಬುದು ಗುಟ್ಟಾಯಿತು. ಒಸಾಕಾದ ಸರ್ಕಲ್ಲು ಮಾಗಡಿ ರೋಡಿನ ಟೋಲ್‌ಗೇಟ್ ಆಯಿತು. ಕೋಟು ಎರಡರ ಕೊನೆಯಲ್ಲಿ ಗುಂಡೇಟು ತಿಂದ ಗೌಡ್ರು ಸೇತುವೆಯ ಕಂಬಿಗೆ ಒರಗಿ ರುದ್ರಣ್ಣನ ಕಡೆ ನೋಡಿ ಏನೋ ಹೇಳಿ ಸಾಯುತ್ತಾರೆ. ಅಲ್ಲಿ ಮಂಜ ಒಂದು ಮಾತು ಹೇಳುತ್ತಿದ್ದ. ದುಡಿದು ಸುಸ್ತಾಗಿ ಬಂದು ಕೂತ ಗಂಡಸರು ಕಣ್ಣಲ್ಲಿ ಧೂಳು ಬಿದ್ದವರಂತೆ ಮುಖ ತಿರುಗಿಸುತ್ತಿದ್ದರು. ಬೇಸ್‌ಮೆಂಟಿನಲ್ಲಿ ಧೂಳೂ ಇತ್ತು ಅನ್ನಿ.

ಎಲ್ಲ ನೆಟ್ಟಗಿತ್ತು, ಕೆಂಗೇರಿಯ ಕಿಟ್ಟಿ ಇಂಟರ್‌ನೆಟ್ ಓದುವವರೆಗೆ. ಡಿಪ್ಲೊಮಾ ಮುಗಿಸಿದ ಹುಡುಗ. ಸೈಬರ್ ಸೆಂಟರಿನಲ್ಲಿ ಕೂತು, ಈ ಆಟದ ಬಗ್ಗೆ ಅಮೆರಿಕದ ಅಭಿಮಾನಿಗಳು ಬರೆದದ್ದನ್ನೆಲ್ಲ ತಲೆಗೆ ತುಂಬಿಕೊಂಡು ಬಂದ.

"ಮಂಜಣ್ಣ, ಬೇಜಾರ್ ಮಾಡ್ಕೋಬೇಡಿ. ಆ ಮುದುಕ ಅಪ್ಪ ಅಲ್ಲ. ಬರೀ ಬಾಸು. ಕೊನೇಲಿ ಅವ್ನು ಹೇಳೋದು, ಇನ್ಮೇಲೆ ಗ್ಯಾಂಗು ನೀನೇ ನೋಡ್ಕೋ ಅಂತ."

"ನಿಂಗ್ಯಾರೋ ಹೇಳಿದ್ದು?"

"ಅಮೆರಿಕದವನು ಬರ್ದಿದಾನೆ."

"ಅಮೆರಿಕದವನಿಗೆ ನಮ್ ಗೌಡ್ರು ಏನ್ ಗೊತ್ತು?" ಅಂದ ಮಂಜ. ಎಲ್ಲರೂ ನಕ್ಕರು. ಕಿಟ್ಟಿ ನಗಲಿಲ್ಲ. ನಗು ನಿಂತ ಮೇಲೆ ನೋಡಿದರೆ ಪಾರ್ಲರ್ ಎರಡು ಪಕ್ಷವಾಗಿತ್ತು. ಅಪ್ಪನ ಪಕ್ಷ, ಬಾಸಿನ ಪಕ್ಷ. ಕುರ್ಚಿಯಲ್ಲಿ ಕಿಟ್ಟಿ ಕೂತು ಸರಿಯಾದ ಅರ್ಥ ಹೇಳಬೇಕೆಂದು ಬಾಸಿನವರು ಪಟ್ಟು ಹಿಡಿದರು.

ಅದೇ ಹೊತ್ತಿಗೆ ನಾನು ಕೆಲಸ ಮಾಡುತ್ತಿದ್ದ ನಾಯಂಡಹಳ್ಳಿಯ ವರ್ಕ್‌ಶಾಪಿನ ಮಾಲೀಕರು ಬಾಟಲಿ ಮುಚ್ಚಳ ಮಾಡುವ ಯಂತ್ರವೊಂದನ್ನು ಜಪಾನಿನಿಂದ ತರಿಸುವವರಿದ್ದರು. ಅಲ್ಲಿ ಹಳೆಯದಾಗಿ ಬೇಡವಾದದ್ದು ಇಲ್ಲಿ ಅತ್ಯಾಧುನಿಕವಾಗುತ್ತದಲ್ಲ, ಅಂಥದ್ದು. ಅದನ್ನು ನಡೆಸುವುದು ಕಲಿಯಲು ಫೋರ್‌ಮನ್ ನರಸಿಂಹಣ್ಣನನ್ನೂ ನನ್ನನ್ನೂ ಎರಡು ವಾರ ಒಸಾಕಾದ ಹತ್ತಿರದ ಕಾರ್ಖಾನೆಗೆ ಕಳಿಸಿದರು. ಲೋಕಣ್ಣ ನನ್ನ ಕಡೆ ಬೆರಳು ಮಾಡಿ ತೀರ್ಪು ಕೊಟ್ಟ: "ಸೂರಿ ಅಲ್ಲಿಗೇ ಹೋಗ್ತಾವ್ನೆ. ಜಪಾನಿನೋರ್‌ನೇ ಕೇಳ್ಕೊಂಡು ಬರ್ಲಿ. ಅಲ್ಲೀಗಂಟ ಇಬ್ರೂ ಬಾಯ್ ಮುಚ್ಕೊಳಿ."

ಹೊರಡುವ ದಿನ ಮಂಜ ಬಸ್ ಸ್ಟಾಪಿನವರೆಗೆ ಬಂದ. "ಗುರು, ಮಿಕ್ಕಿದ್ದೆಲ್ಲ ತಪ್ಪಾದ್ರೂ ಪರ್ವಾಗಿಲ್ಲ. ಸೇತುವೆ ಮೇಲಿಂದು ಒಂದು ಕೇಳ್ಕೊಂಡು ಬಾ," ಅಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿರಲಿಲ್ಲ. ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ.

ಕಾರ್ಖಾನೆಯ ಊರು

ಜಪಾನೀಯರ ಶಿಸ್ತಿನ ಬಗ್ಗೆ ಬರೆಯಲೇಬೇಕು, ಇಲ್ಲದಿದ್ದರೆ ನಾನು ಹೋಗಿಯೇ ಇಲ್ಲ ಅನ್ನುತ್ತೀರಿ. ಬೆಳಿಗ್ಗೆ ಕಾರ್ಖಾನೆಯವರೆಲ್ಲ ಹಾಡಿಗೆ ಕೈಕಾಲು ಆಡಿಸುತ್ತಾರೆ. ಆಮೇಲೆ ಯಂತ್ರದ ಮುಂದೆ ನಿಂತು, ಕಣ್ಣೆದುರು ಇರುವುದನ್ನೇ ಬೆರಳಿಟ್ಟು ತೋರಿಸಿ, ಗಟ್ಟಿಯಾಗಿ ಹೇಳುತ್ತಾರೆ. ಸ್ವಿಚ್ಚಿಗೆ ಬೆರಳು: "ಸ್ವಿಚ್ಚು ಆರಿದೆ, ಸರಿ!" ಬಾಗಿಲಿಗೆ ಬೆರಳು: "ಬಾಗಿಲು ಹಾಕಿದೆ, ಸರಿ!" ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಹೇಳುತ್ತಾರೆ. ಬಾಯಿಬಿಟ್ಟು ಹೇಳದಿದ್ದರೆ ಕಣ್ಣು ಮೋಸ ಮಾಡುತ್ತದಂತೆ.

ನರಸಿಂಹಣ್ಣನಿಗೆ ಇದು ಮೊದಲು ಹುಚ್ಚಾಗಿ ಕಂಡಿತು. ಎರಡೇ ದಿನದಲ್ಲಿ ಅವರಿಗೇ ಹಿಡಿಯಿತು. ವಸತಿಗೃಹದಲ್ಲಿ ಪಾಯಿಖಾನೆಗೆ ಬೇರೆ ಚಪ್ಪಲಿ ಇಟ್ಟಿರುತ್ತಾರೆ, ಒಳಗೆ ಹೋಗುವಾಗ ಹಾಕಿ, ಬರುವಾಗ ಬಿಡಬೇಕು. ಮೊದಲ ದಿನ ಅದನ್ನೇ ಮೆಟ್ಟಿಕೊಂಡು ಊಟದ ಕೋಣೆಯ ಚಾಪೆಯವರೆಗೂ ಬಂದುಬಿಟ್ಟಿದ್ದರು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ಅವರ ಪಾದವನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದರು. ನಮ್ಮಲ್ಲಾದರೆ ಒಬ್ಬಜ್ಜಿ ಬೈದು ಅಲ್ಲಿಗೆ ಮುಗಿಸುತ್ತಿದ್ದಳು. ಈ ಮರ್ಯಾದೆ ಅವರನ್ನು ಒಂದು ದಿನ ಉಪವಾಸ ಕೆಡವಿತು. ಆಮೇಲೆ ಪಾಯಿಖಾನೆಯ ಬಾಗಿಲಲ್ಲಿ ಬೆರಳು ತೋರಿಸಿ ಕೂಗುವುದು ಇಡೀ ಮಹಡಿಗೆ ಕೇಳಿಸುತ್ತಿತ್ತು: "ಚಪ್ಪಲಿ ಬಿಟ್ಟಿದೀನಿ, ಸರಿ!"

ನಮಗೆ ದುಭಾಷಿಯಾಗಿ ಓಗಾವಾ ಎಂಬವರಿದ್ದರು, ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. 'ಇಲ್ಲ' ಅನ್ನುವ ಪದ ಅವರ ಇಂಗ್ಲಿಷಿನಲ್ಲಿರಲಿಲ್ಲ. ಆಗದು ಅನ್ನುವ ಕಡೆ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, "ಅದು ಸ್ವಲ್ಪ ಕಷ್ಟ" ಅನ್ನುತ್ತಿದ್ದರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ 'ನೋಡೋಣ' ಅನ್ನುತ್ತಾರಲ್ಲ, ಅದರ ಇಸ್ತ್ರಿ ಮಾಡಿದ ರೂಪ. ನಾನು ಆ ಆಟದ ಬಗ್ಗೆ ಕೇಳಿದಾಗ ಅವರು ಎಳೆದುಕೊಂಡ ಗಾಳಿಯಲ್ಲಿ ಒಂದು ಬಲೂನು ಉಬ್ಬಿಸಬಹುದಿತ್ತು.

"ಅದು ಕೆಟ್ಟ ಜನರ ಆಟ," ಅಂದರು.

"ಗೊತ್ತು ಸಾರ್. ನಮ್ಮೂರಲ್ಲಿ ಒಳ್ಳೆ ಜನ ಆಡ್ತಾರೆ," ಅಂದೆ.

ಅವರು ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ನಿಮ್ಮೂರಲ್ಲಿ ಎಷ್ಟನೇ ಭಾಗ ಒಳ್ಳೆಯದು ಅಂತಾರೆ?"

ಭಾನುವಾರದ ಬೀದಿ, ಎರಡನೆಯ ಸಲ

ಆ ಭಾನುವಾರ ಓಗಾವಾ ನಮ್ಮನ್ನು ಒಸಾಕಾಕ್ಕೆ ಕರೆದುಕೊಂಡು ಹೋದರು. ಆಟದ ಬೀದಿ ಅಸಲಿ ಬೀದಿಯನ್ನೇ ಹೋಲುತ್ತದೆ ಎಂದು ಕೇಳಿದ್ದೆ. ಸ್ಟೇಷನ್ನಿನಿಂದ ಹೊರಗೆ ಬರುತ್ತಲೇ ನಾನು ಮುಂದೆ, ಆ ಊರಿನ ಓಗಾವಾ ಹಿಂದೆ. "ಎಡಕ್ಕೆ ತಿರುಗಿದರೆ ಬಾರು, ಅದರ ಮೇಲೆ ಗ್ಯಾಂಗಿನ ಆಫೀಸು," ಅಂದೆ. ಎಡಕ್ಕೆ ತಿರುಗಿದೆವು. ಹಲ್ಲಿನ ಡಾಕ್ಟರು. ಅದರ ಮೇಲೆ ಮಕ್ಕಳಿಗೆ ಮಣಿಚೌಕಟ್ಟಿನಲ್ಲಿ ಲೆಕ್ಕ ಹೇಳಿಕೊಡುವ ಶಾಲೆ.

ಆಟದಲ್ಲಿ ಆ ಬೀದಿಯಲ್ಲಿ ನೆಮ್ಮದಿಯಾಗಿ ನಡೆಯಲಾಗುವುದಿಲ್ಲ, ಮೂಲೆಮೂಲೆಯಲ್ಲಿ ಒಬ್ಬ ಬಂದು ಭುಜ ತಾಗಿಸಿ ಜಗಳಕ್ಕೆ ನಿಲ್ಲುತ್ತಾನೆ. ನಾನು ಮಧ್ಯಾಹ್ನವಿಡೀ ಎದೆ ಉಬ್ಬಿಸಿಕೊಂಡು ನಡೆದೆ. ಒಬ್ಬನಿಗೆ ನಾನೇ ಹೋಗಿ ಭುಜ ತಾಗಿಸಿದೆ. ಅವನೇ ಬಗ್ಗಿ ಕ್ಷಮೆ ಕೇಳಿದ, ನಾನೂ ಬಗ್ಗಿದೆ, ಅವನು ಮತ್ತೂ ಬಗ್ಗಿದ. ನಮ್ಮ ಹೆಗ್ಗನಹಳ್ಳಿ ಕ್ರಾಸಿನಲ್ಲಿ ಇದರ ಕಾಲು ಭಾಗ ಮಾಡಿದ್ದರೂ ನನ್ನ ವಂಶದ ಮೂರು ತಲೆಮಾರಿಗೆ ವಿಶೇಷಣಗಳು ಸಿಗುತ್ತಿದ್ದವು. ಪರದೇಶದಲ್ಲಿ ಒಂಟಿತನ ಅಂತಾರಲ್ಲ, ಅದು ನನಗೆ ತಟ್ಟಿದ್ದು ಆಗ.

ನರಸಿಂಹಣ್ಣನ ಕಷ್ಟ ಬೇರೆ. ಬೆಳಿಗ್ಗೆ ತಿಂದ ಬಾಳೆಹಣ್ಣಿನ ಸಿಪ್ಪೆ ಎಸೆಯಲು ಇಡೀ ಊರಲ್ಲಿ ಒಂದು ಕಸದ ಬುಟ್ಟಿ ಸಿಕ್ಕಿರಲಿಲ್ಲ. ರಸ್ತೆಯಲ್ಲಿ ಕಸವೂ ಇರಲಿಲ್ಲ, ಇದ್ದಿದ್ದರೆ ಅದರ ಜೊತೆ ಸೇರಿಸಬಹುದಿತ್ತು. ಸಿಪ್ಪೆ ಪ್ಯಾಂಟಿನ ಜೇಬಿನಲ್ಲಿ ಕಪ್ಪಾಗುತ್ತಿತ್ತು.

"ಸೂರಿ, ಎಲ್ಲಪ್ಪಾ ನಿನ್ ರೌಡಿಗಳು?"

ನಾನು ಓಗಾವಾ ಅವರನ್ನು ಕೇಳಿದೆ. ಅವರು ಗಂಭೀರವಾಗಿ ಹೇಳಿದರು: "ಅವರಿಗೂ ಆಫೀಸು ಇರುತ್ತದೆ. ಇವತ್ತು ಭಾನುವಾರ."

ತಮಾಷೆಯೋ ನಿಜವೋ ಅವರ ಮುಖ ನೋಡಿ ಹೇಳಲಾಗಲಿಲ್ಲ. ನರಸಿಂಹಣ್ಣ ಮಾತ್ರ ಒಪ್ಪಿಗೆಯಿಂದ ತಲೆಯಾಡಿಸಿದರು. "ನೋಡು, ರಜಾ ಅಂದ್ರೆ ರಜಾ. ಇದಪ್ಪ ದೇಶ."

ಎಲೆಕೋಸಿನ ದೋಸೆಯ ಹೋಟೆಲು

ಸಂಜೆ ಓಗಾವಾ ನಮ್ಮನ್ನು ತಾವು ವಾರವಾರ ಹೋಗುವ ಪುಟ್ಟ ಹೋಟೆಲಿಗೆ ಕರೆದೊಯ್ದರು. ಕೆಟ್ಟ ಜನರ ಆಟದ ಬಗ್ಗೆ ಒಳ್ಳೆ ಜನ ಮಾತಾಡುವ ಜಾಗ ಅದೇ ಎಂದು ಒಳಗೆ ಹೋದಮೇಲೆ ಗೊತ್ತಾಯಿತು. ಒಂದೇ ಉದ್ದ ಕಾವಲಿ, ಅದರ ಆಚೆ ಯಜಮಾನಿ, ಐವತ್ತರ ಹೆಂಗಸು. ಈಚೆ ಭಾನುವಾರವೂ ಕಟ್ಟಿದ ಟೈ ಸಡಿಲಿಸಿಕೊಂಡ ಬ್ಯಾಂಕಿನವನೊಬ್ಬ, ಬಿಳಿ ಕೈಗವುಸು ಬಿಚ್ಚಿಟ್ಟ ಟ್ಯಾಕ್ಸಿ ಡ್ರೈವರ್ ಒಬ್ಬ. ಎಲೆಕೋಸು ಹಾಕಿ ದಪ್ಪಗೆ ದೋಸೆ ಹೊಯ್ಯುತ್ತಿದ್ದರು. ನರಸಿಂಹಣ್ಣ ಮಾಂಸ ಬೇಡ ಎಂದು ಕೈಸನ್ನೆ, ಬಾಯಿಸನ್ನೆ ಎಲ್ಲ ಮಾಡಿ ತಿಳಿಸಿದರು. ಯಜಮಾನಿ ನಕ್ಕು, ಮಾಂಸವಿಲ್ಲದ ದೋಸೆ ಹೊಯ್ದು, ಪ್ರೀತಿಯಿಂದ ಮೇಲೆ ಏನೋ ತೆಳ್ಳನೆ ಹೆರೆದದ್ದನ್ನು ಉದುರಿಸಿದಳು. ಬಿಸಿಗೆ ಅದು ನಿಧಾನಕ್ಕೆ ಬಳುಕತೊಡಗಿತು.

"ಸೂರಿ! ಇದಿನ್ನೂ ಜೀವ ಇದೆ ಕಣೋ!"

ಒಣಗಿಸಿದ ಮೀನು. ನರಸಿಂಹಣ್ಣ ಬೆರಳು ತೋರಿಸಿ, "ಮೀನಿದೆ, ಸರಿಯಿಲ್ಲ!" ಎಂದು ಘೋಷಿಸಿ, ಎರಡನೆಯ ಬಾಳೆಹಣ್ಣು ಸುಲಿದರು. ಈಗ ಸಿಪ್ಪೆ ಎರಡಾಯಿತು.

ಓಗಾವಾ ನಮ್ಮ ಪಾರ್ಲರಿನ ವಿಷಯ ಹೇಳಿದ್ದೇ ತಡ, ಬಾಯಿಗಳು ಬಿಚ್ಚಿಕೊಂಡವು. ಬ್ಯಾಂಕಿನವನ ಪ್ರಕಾರ ಮೊದಲ ಭಾಗ ಒಂದೇ ಆಟ, ಉಳಿದದ್ದೆಲ್ಲ ವ್ಯಾಪಾರ. ವಿಜಯನಗರದಲ್ಲೂ ಇದನ್ನೇ ಹೇಳುವ ಒಬ್ಬ ಇದ್ದಾನೆ, ಅವನೂ ಎಲ್ಲ ಭಾಗಗಳನ್ನೂ ಆಡಿ ಮುಗಿಸಿಯೇ ಹೇಳುವುದು. ಡ್ರೈವರನಿಗೆ ಕಥೆಯ ಮೇಲೆ ಸಿಟ್ಟಿರಲಿಲ್ಲ, ಸಿಟ್ಟು ರಸ್ತೆಯ ಮೇಲೆ. ಹೊಸ ಭಾಗದಲ್ಲಿ ಒಂದು ಓಣಿಯನ್ನೇ ಮುಚ್ಚಿಬಿಟ್ಟಿದ್ದಾರೆ, ಅದು ನಿಜವಾಗಿ ಮುಚ್ಚಿಲ್ಲ, ತಾನು ದಿನವೂ ಹೋಗುತ್ತೇನೆ ಅಂದ. ಕೊಲೆ, ಅಪಹರಣ, ಒಬ್ಬನೇ ಐವತ್ತು ಜನರಿಗೆ ಹೊಡೆಯುವುದು ಎಲ್ಲ ಸರಿ, ಆದರೆ ಓಣಿ ವಿಷಯದಲ್ಲಿ ಸುಳ್ಳು ಹೇಳಬಾರದು.

ಯಜಮಾನಿ ಮಾತ್ರ ಅವರಿಬ್ಬರನ್ನೂ ಮಕ್ಕಳಂತೆ ನೋಡಿದಳು. ಆ ಆಟದಲ್ಲಿ ರೌಡಿ ಬಿಡುವಾದಾಗ ಮೀನು ಹಿಡಿಯಬಹುದು, ಹಾಡಬಹುದು, ಬೀದಿ ಬೆಕ್ಕಿಗೆ ಊಟ ಹಾಕಬಹುದು. ಅವಳು ಆಡುವುದು ಅದನ್ನು ಮಾತ್ರ. ಎರಡನೆಯ ಭಾಗದಲ್ಲಿ ಕೊನೆಯ ಸೇತುವೆಯ ಹತ್ತಿರದವರೆಗೂ ಹೋಗಿ, ವರ್ಷಗಳಿಂದ ಅಲ್ಲೇ ನಿಂತಿದ್ದಾಳೆ. ಮುಂದೆ ಹೋಗುವುದಿಲ್ಲ.

"ಯಾಕಂತೆ?"

ಓಗಾವಾ ಅನುವಾದಿಸಿದರು: "ಹೋದರೆ ಮುದುಕ ಸಾಯುತ್ತಾನಂತೆ. ಹೋಗದಿದ್ದರೆ ಸಾಯುವುದಿಲ್ಲವಂತೆ."

ಆಗ ನಾನು ನಮ್ಮ ಪ್ರಶ್ನೆ ಇಟ್ಟೆ. ಯಜಮಾನಿ ತಕ್ಷಣ ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಕಾವಲಿಯ ಮೇಲೆ ಡ್ರೈವರನ ದೋಸೆ ಕರಕಲಾಗತೊಡಗಿತು.

ಮುದುಕ ಅಪ್ಪನಾ? ಅಲ್ಲ, ಇಬ್ಬರೂ ಒಮ್ಮೆಗೇ ಅಂದರು. ಬಾಸು. ಕಿಟ್ಟಿ ಸರಿ. ಮಂಜ ರುದ್ರಣ್ಣನ ತಂಗಿ ಅಂದದ್ದು ತಂಗಿಯಲ್ಲ, ಬಾರಿನಲ್ಲಿ ಹಾಡುವವಳು. ಕಳ್ಳ ಅಂದದ್ದು ಪೊಲೀಸನಂತೆ. ಒಂದೊಂದು ಉತ್ತರಕ್ಕೂ ಮಂಜನ ಪ್ಲಾಸ್ಟಿಕ್ ಕುರ್ಚಿಯ ಒಂದೊಂದು ಕಾಲು ಮುರಿಯುತ್ತಿತ್ತು. ಕೊನೆಗೆ ಕೇಳಿದೆ: ಸೇತುವೆಯ ಮೇಲೆ ಅವನು ಹೇಳುವುದೇನು?

ಇಬ್ಬರೂ ಲೋಟ ಕೆಳಗಿಟ್ಟರು. ಆಮೇಲೆ ಬ್ಯಾಂಕಿನವನು ಏನೋ ಅಂದ, ಡ್ರೈವರ್ ಅದಕ್ಕೆ ಅಡ್ಡಬಂದ, ಮಾತು ಏರಿತು. ಓಗಾವಾ ಅನುವಾದಿಸುವುದನ್ನು ಬಿಟ್ಟು ತಾವೇ ಜಗಳಕ್ಕಿಳಿದರು. ನಾನು ಅವರ ತೋಳು ಹಿಡಿದು ಅಲ್ಲಾಡಿಸಬೇಕಾಯಿತು.

"ಕ್ಷಮಿಸಿ," ಅಂದರು ಅವರು. "ಯಾರಿಗೂ ಗೊತ್ತಿಲ್ಲ. ಸೇತುವೆಯ ಕೆಳಗೆ ರೈಲು ಹೋಗುತ್ತದೆ. ರೈಲಿನ ಸದ್ದೊಂದೇ. ತುಟಿ ಆಡುತ್ತದೆ, ಮಾತಿಲ್ಲ. ಕೆಳಗೆ ಅಕ್ಷರವೂ ಬರುವುದಿಲ್ಲ. ಮಾಡಿದವರು ಹಾಗೇ ಬಿಟ್ಟಿದ್ದಾರೆ. ನಾವು ಅಂದಿನಿಂದ ಜಗಳವಾಡುತ್ತಲೇ ಇದ್ದೇವೆ."

ಅಮೆರಿಕದವನು ಬರೆದದ್ದು? ಅದನ್ನು ಕೇಳಿ ಮೂವರೂ ನಕ್ಕರು. ಅವನೂ ಯಾರೋ ನಮ್ಮ ಮಂಜನಂಥವನೇ.

ನಮ್ಮಲ್ಲಿ ಯಾರೂ ಆ ರೈಲನ್ನು ಕೇಳಿರಲಿಲ್ಲ. ಸೌಂಡು ಕಮ್ಮಿ ಇರುತ್ತಿತ್ತು. ಅಕ್ಷರವನ್ನಂತೂ ನಾವು ಇದ್ದಾಗಲೂ ನೋಡುತ್ತಿರಲಿಲ್ಲ, ಇಲ್ಲದಾಗ ನೋಡುತ್ತೇವೆಯೇ? ಅಷ್ಟು ದೊಡ್ಡ ಖಾಲಿ ಜಾಗದ ಮೇಲೆ ಮಂಜ ಕುರ್ಚಿ ಹಾಕಿಕೊಂಡು ಕೂತಿದ್ದ.

ಯಜಮಾನಿ ಕಿವಿಯಿಂದ ಕೈ ತೆಗೆದು ಏನೋ ಕೇಳಿದಳು. ಓಗಾವಾ ನನ್ನ ಕಡೆ ತಿರುಗಿದರು: "ಇವರಿಬ್ಬರು ಹೇಳುವುದು ಬೇಡವಂತೆ. ನಿಮ್ಮ ಗೆಳೆಯ ಅಲ್ಲಿ ಏನು ಹೇಳುತ್ತಾನೆ, ಅದನ್ನು ಕೇಳಬಹುದು ಅಂತಾರೆ. ಅದು ಆಟದ್ದಲ್ಲವಲ್ಲ."

ನಾನು ಹೇಳಿದೆ: "ಮನೆ ಬಾಗಿಲು ಹಾಕಿಲ್ಲ, ಹೋಗು."

ಓಗಾವಾ ಅದನ್ನು ಜಪಾನಿಯಲ್ಲಿ ಹೇಳಲು ಸಾಕಷ್ಟು ಹೊತ್ತು ತೆಗೆದುಕೊಂಡರು. ಬ್ಯಾಂಕಿನವನು ತಪ್ಪು ಅಂದ. ಡ್ರೈವರ್ ಕರಕಲು ದೋಸೆಯನ್ನೇ ತಿನ್ನತೊಡಗಿದ. ಯಜಮಾನಿ ಕಾವಲಿ ಕೆರೆಯುತ್ತ ಚಿಕ್ಕದಾಗಿ ಏನೋ ಅಂದಳು.

"ಹಾಗಿದ್ದರೆ ಮುಗಿಸಬಹುದು ಅಂತಾರೆ," ಅಂದರು ಓಗಾವಾ.

ಹೊರಡುವಾಗ ಅವಳೇ ಕೈ ಚಾಚಿ ನರಸಿಂಹಣ್ಣನ ಜೇಬಿನ ಕಡೆ ತೋರಿಸಿದಳು. ಎರಡು ಸಿಪ್ಪೆಗಳೂ ಜಪಾನಿನಲ್ಲಿ ನೆಲೆ ಕಂಡವು.

ವಿಜಯನಗರ, ಮತ್ತೆ

ಬಂದ ಶನಿವಾರ ಪಾರ್ಲರ್ ತುಂಬಿತ್ತು. ನಾನು ಎಲ್ಲವನ್ನೂ ಹೇಳಿದೆ: ಅಪ್ಪನಲ್ಲ, ಬಾಸು. ತಂಗಿಯಲ್ಲ, ಹಾಡುವವಳು. ಬಾಸಿನ ಪಕ್ಷ ಶಿಳ್ಳೆ ಹೊಡೆಯಿತು. ಮಂಜ ಕುರ್ಚಿಯಿಂದ ತಾನೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತ. ಆಮೇಲೆ ಸೇತುವೆಯದು ಹೇಳಿದೆ. ಯಾರೂ ನಂಬಲಿಲ್ಲ. ಜಪಾನಿಗೆ ಹೋಗಿ ಇವನು ಏನೂ ಕೇಳದೆ ಬಂದಿದ್ದಾನೆ, ಅದಕ್ಕೇ ಏನೂ ಇಲ್ಲ ಅಂತಾನೆ ಎಂಬುದು ಎರಡೂ ಪಕ್ಷದವರ ಒಮ್ಮತ. ಅದೊಂದರಲ್ಲಾದರೂ ಒಂದಾದರಲ್ಲ.

"ಹಾಕಿ ನೋಡೇ ಬಿಡಾಣ," ಅಂದ ಲೋಕಣ್ಣ. ಸೌಂಡು ಪೂರ್ತಿ ಏರಿಸಿದ. ಕಿಟ್ಟಿ ಕುರ್ಚಿಯಲ್ಲಿ ಕೂತು ಸರಿಯಾದ ಅರ್ಥ ಹೇಳುತ್ತ ಬಂದ. ಸರಿಯಾಗಿಯೇ ಇತ್ತು, ಪಾಠ ಒಪ್ಪಿಸಿದ ಹಾಗೆ. ಸೇತುವೆ ಬಂತು. ಮುದುಕ ಒರಗಿದ. ರೈಲು ಬಂತು. ಇಷ್ಟು ವರ್ಷ ನಮ್ಮ ಕಾಲಡಿಯಲ್ಲೇ ಓಡಿದ್ದ ರೈಲು ಬೇಸ್‌ಮೆಂಟನ್ನೆಲ್ಲ ಅದುರಿಸಿತು. ಮುದುಕನ ತುಟಿ ಆಡಿತು. ಕಿಟ್ಟಿಯ ಬಾಯಿ ತೆರೆದೇ ಇತ್ತು, ಅದರಿಂದ ಏನೂ ಬರಲಿಲ್ಲ. ಅವನು ತಿರುಗಿ ಬಾಗಿಲ ಕಡೆ ನೋಡಿದ.

"ಮಂಜಣ್ಣ, ಇದೊಂದು ನೀವೇ ಹೇಳಿಬಿಡಿ."

ಮಂಜನಿಗೆ ಮೈಕು ಬೇಕಿರಲಿಲ್ಲ. ಆ ರೈಲಿನ ಸದ್ದನ್ನು ದಾಟಿ ಎಲ್ಲರಿಗೂ ಕೇಳಿಸಿತು.

"ಊಟ ಆಯ್ತೇನೋ?"

ನನಗೆ ದಿಗಿಲಾಯಿತು. ನಾನು ಒಸಾಕಾದಲ್ಲಿ ಹೇಳಿದ್ದು ಇದಲ್ಲ. ಪಕ್ಕದಲ್ಲಿದ್ದವನನ್ನು ಕೇಳಿದೆ, ಮೊದಲಿಂದಲೂ ಇವನು ಇದನ್ನೇ ಹೇಳುತ್ತಿದ್ದನಾ? "ಇದೇ ಮಗಾ," ಅಂದ ಅವನು, ಮುಖ ಆ ಕಡೆ ಮಾಡಿಕೊಂಡು. ಲೋಕಣ್ಣನನ್ನು ಕೇಳಿದರೆ, ಬೈಗುಳ ಕಣೋ, ಚೆನ್ನಾಗಿರೋ ಒಂದು ಬೈಗುಳ ಇತ್ತು ಅಂದ. 'ಬಾಗಿಲು ಹಾಕಿಲ್ಲ' ಎಂಬುದು ಯಾರಿಗೂ ನೆನಪಿರಲಿಲ್ಲ.

ತೀರ್ಪು ಹೀಗಾಯಿತು: ಕುರ್ಚಿ ಕಿಟ್ಟಿಯದು, ಸೇತುವೆ ಮಂಜನದು. ಒಂದೇ ಸಾಲಿನ ನೌಕರಿ. ಪಾರ್ಲರ್ ಮುಚ್ಚುವವರೆಗೂ ಅವನು ಶನಿವಾರ ಆ ಹೊತ್ತಿಗೆ ಬಂದು ಬಾಗಿಲಲ್ಲಿ ನಿಂತು, ಅದನ್ನು ಹೇಳಿ ಹೋಗುತ್ತಿದ್ದ. ಅಷ್ಟಕ್ಕೇ ಜನ ಸೇರುತ್ತಿದ್ದರು. ಕಿಟ್ಟಿಗೆ ಅದು ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಒಮ್ಮೆ ಕಾಫಿ ಕುಡಿಯುವಾಗ ಕೇಳಿದೆ. "ಮಂಜ, ಟೀವಿಗೆ ಅಷ್ಟು ಹತ್ರ ಕೂರ್ತಿದ್ದೆ. ಅಲ್ಲಿ ಮಾತಿಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಕಾಫಿ ಕುಡಿ ಗುರು, ಆರೋಗುತ್ತೆ," ಅಂದ.

ಗೊತ್ತಿತ್ತೋ ಇಲ್ಲವೋ, ನನಗೆ ತಿಳಿಯದು. ನಾನು ಒಸಾಕಾಕ್ಕೆ ಒಯ್ದ ಮಾತು ಮಂಜ ಎಂದೋ ಒಂದು ದಿನ ಹೇಳಿದ್ದೋ, ಕಾವಲಿಯ ಮುಂದೆ ನನ್ನ ಬಾಯಿಗೇ ಬಂದದ್ದೋ, ಅದೂ ತಿಳಿಯದು. ಅದನ್ನು ನಂಬಿಕೊಂಡು ಆ ಹೆಂಗಸು ಸೇತುವೆಯವರೆಗೆ ಹೋದಳೋ, ಮುದುಕ ಇನ್ನೂ ಬದುಕಿದ್ದಾನೋ, ಗೊತ್ತಿಲ್ಲ.